ಎಡಗೆನ್ನೆಯ ಮಚ್ಚೆ

ಹೊಳೆಯ ದಂಡೆಯಲ್ಲಿ ಕಾಳಾಚಾರ್ಯರ ಎರಕದ ಮನೆ. ಅಲ್ಲಿ ಮಾನಪ್ಪ ಒಂಬತ್ತು ವರ್ಷದಿಂದ ಶಿಷ್ಯ. ಮಣ್ಣು ತುಳಿದಿದ್ದ, ಮೇಣ ಕರಗಿಸಿದ್ದ, ಕುಲುಮೆ ಊದಿದ್ದ. ಅಚ್ಚು ತೆಗೆಯುವ ಕೆಲಸವನ್ನು ಮಾತ್ರ ಗುರುಗಳು ಅವನ ಕೈಗೆ ಕೊಟ್ಟಿರಲಿಲ್ಲ.

ಈ ಸಲ ಕೊಟ್ಟರು.

ಮೂರ್ತಿ ಹರಿಗೋಲಿನ ದ್ಯಾಮವ್ವನದು. ನೆರೆ ಬಂದಾಗ ಅರ್ಧ ಊರನ್ನು ದಾಟಿಸಿ, ಕಡೆಯ ಸಲ ತಾನೇ ಹೊಳೆಯ ಪಾಲಾದವಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ತಂಗಿ ಹುಲಿಗೆವ್ವ ಹದಿನೈದು ದಿನ ಎದುರಿಗೆ ಕೂತು, ಅಕ್ಕನ ಹಣೆ ಹೀಗಿತ್ತು, ಗದ್ದ ಹೀಗಿತ್ತು ಎಂದು ಹೇಳಿದಂತೆಲ್ಲ ಗುರುಗಳು ಆ ಮುಖವನ್ನು ಮಣ್ಣಿನಲ್ಲಿ ಮೂಡಿಸಿದ್ದರು.

“ಅಚ್ಚು ಬಿಡಿಸಿದ ಮ್ಯಾಲೆ ಮಣ್ಣು ಉಳಿಯಂಗಿಲ್ಲ,” ಎಂದರು ಗುರುಗಳು. “ಆಮ್ಯಾಲೆ ಆಕಿ ಇರೂದು ಅಚ್ಚಿನೊಳಗಷ್ಟ. ಮಣ್ಣಿನ ಮ್ಯಾಲೆ ಹೊಯ್ದ ಪ್ಲಾಸ್ಟರ್ ಮೊದಲು ಬಿಸಿ ಏರತೈತಿ. ಪೂರ್ತಿ ತಣ್ಣಗಾಗೂತನಕ ಮುಟ್ಟಬ್ಯಾಡ.”

ಮಾನಪ್ಪ ತಲೆಯಾಡಿಸಿದ.

ಗುರುಗಳು ಊಟ ಮುಗಿಸಿ ಬರುವಷ್ಟರಲ್ಲಿ ಬಿಡಿಸಿ ತೋರಿಸಬೇಕೆಂಬ ಆಸೆ ಅವನಿಗೆ. ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನೂ ಬೆಚ್ಚಗಿದ್ದ ಪ್ಲಾಸ್ಟರಿಗೆ ಉಳಿ ಕೊಟ್ಟು ಮೀಟಿದ. ಅಚ್ಚೇನೋ ಬಂತು. ಆದರೆ ಎರಡೂ ಕೆನ್ನೆಯ ಜಾಗ ಪುಡಿಯಾಗಿ ಉದುರಿತು. ಕೆಳಗಿದ್ದ ಮಣ್ಣಿನ ಮುಖವೂ ಚೂರುಚೂರಾಯಿತು.

ಹೋಗಿ ಹೇಳಬಹುದಿತ್ತು. ಹೇಳಲಿಲ್ಲ.

ಹೊಸ ಪ್ಲಾಸ್ಟರ್ ಕಲಸಿ ಎರಡೂ ಕೆನ್ನೆಗೆ ತೇಪೆ ಹಾಕಿದ. ದ್ಯಾಮವ್ವನ ಎಡಗೆನ್ನೆಯ ಮೇಲೊಂದು ಉಬ್ಬಿದ ಮಚ್ಚೆ ಇತ್ತು. ಮೂರ್ತಿಯ ಎದುರು ನಿಂತಾಗ ಅದು ತನ್ನ ಬಲಗಡೆ ಕಾಣುತ್ತಿದ್ದುದು ನೆನಪಾಗಿ, ಅಚ್ಚಿನಲ್ಲೂ ಬಲಗಡೆಯೇ ಒಂದು ಸಣ್ಣ ಕುಳಿ ತೋಡಿದ. ಅಚ್ಚಿನೊಳಗೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎರಕದ ಮನೆಯ ಬೆಕ್ಕಿಗೂ ಗೊತ್ತಿರುವ ಮಾತು. ಗಾಬರಿಯಲ್ಲಿ ಮಾನಪ್ಪನಿಗೆ ಹೊಳೆಯಲಿಲ್ಲ.

ಗುರುಗಳು ಬಂದು ಅಚ್ಚಿನೊಳಗೆ ಬೆರಳಾಡಿಸಿದರು.

“ಹೂಂ. ಮೇಣ ಹಾಕು,” ಎಂದರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂದಿನಿಂದ ಗುರುಗಳು ಕೆಮ್ಮಿದರೂ ಮಾನಪ್ಪ ಬೆಚ್ಚುತ್ತಿದ್ದ. ಆದರೂ ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಮೇಣದ ಮುಖ ನೋಡಲು ಹುಲಿಗೆವ್ವ ಬಂದಳು. ಕಂಚು ಹೊಯ್ಯುವ ಮುಂಚೆ ಮನೆಯವರು ಒಮ್ಮೆ ನೋಡಬೇಕು, ಅದು ಅಲ್ಲಿಯ ಪದ್ಧತಿ. ಮೇಣವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಕಂಚಾದ ಮೇಲೆ ಆಗುವುದಿಲ್ಲ.

ಹುಲಿಗೆವ್ವ ಬಹಳ ಹೊತ್ತು ನೋಡಿದಳು.

“ಅಜ್ಜಾರ, ನಮ್ಮಕ್ಕನ ಮಚ್ಚಿ ಎಡಗಲ್ಲದ ಮ್ಯಾಲಿತ್ತಲ್ರೀ? ಇದು ಬಲಕ್ಕೈತಿ.”

ಅವಳ ಕಣ್ಣು ತುಂಬಿ ಬಂತು.

“ನಾನ ಮರತೇನೋ ಏನೋ. ವರ್ಷ ತುಂಬೂದರೊಳಗ ಅಕ್ಕನ ಮುಖಾನ ಮರಿಯಾಕತ್ತೇನಿ.”

ಮಾನಪ್ಪ ಕುಲುಮೆಯ ಕಡೆ ತಿರುಗಿ ಇದ್ದಿಲು ಕೆದಕತೊಡಗಿದ.

“ನೀ ಮರತಿಲ್ಲ, ಯವ್ವಾ,” ಎಂದರು ಗುರುಗಳು. “ತಪ್ಪು ನನ್ನದು. ವಯಸ್ಸಾತು, ಎಡ ಬಲ ತಿಳೀವಲ್ದು.”

ಅಲಗು ಬಿಸಿ ಮಾಡಿ ಬಲಗೆನ್ನೆಯ ಮಚ್ಚೆಯನ್ನು ತೆಗೆದರು, ಎಡಗೆನ್ನೆಗೆ ಕೂರಿಸಿದರು. ಹುಲಿಗೆವ್ವ ಅದನ್ನು ಬೆರಳ ತುದಿಯಿಂದ ಮುಟ್ಟಿದಳು.

“ಈಗ ನಮ್ಮಕ್ಕ,” ಎಂದಳು.

ಹೊರಡುವಾಗ ಬಾಗಿಲಲ್ಲಿ ಮಾನಪ್ಪನಿಗೆ ಮೆಲ್ಲಗೆ ಹೇಳಿದಳು: “ಅಜ್ಜಾರ ಕಣ್ಣು ಸೋತಾವ. ಇನ್ನ ಮ್ಯಾಲೆ ನೀವ ನಿಗಾ ಇಡಬೇಕಪಾ. ನಿಮ್ಮಂಥಾ ಶಿಷ್ಯ ಇರೂದು ಅವರ ಪುಣ್ಯ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು ಮಾನಪ್ಪನಿಗೆ. ಅವಳು ಹೊಳೆಯ ದಾರಿ ಹಿಡಿದದ್ದೇ ತಡ, ಗುರುಗಳ ಕಾಲ ಮೇಲೆ ಬಿದ್ದ. ಆತುರಪಟ್ಟದ್ದು, ತೇಪೆ ಹಾಕಿದ್ದು, ಕುಳಿ ತೋಡಿದ್ದು, ಎಲ್ಲವನ್ನೂ ಅಳುತ್ತಲೇ ಹೇಳಿದ.

“ಗೊತ್ತೈತಿ,” ಎಂದರು ಗುರುಗಳು. “ಅವತ್ತು ಬೆರಳು ಆಡಿಸಿದಾಗ ತೇಪಿ ಇನ್ನೂ ಹಸಿ ಇತ್ತು.”

“ಮತ್ತ ಯಾಕ ಕೇಳಲಿಲ್ರಿ?”

“ನಾಲ್ಕು ದಿನ ಕಾದೆ.”

ಮಾನಪ್ಪ ಕಣ್ಣೊರೆಸಿಕೊಂಡು ಎದ್ದು ಕೂತ.

“ನನ್ನ ತಪ್ಪು ನಿಮ್ಮ ಮ್ಯಾಲೆ ಯಾಕ ಹಾಕ್ಕೊಂಡ್ರಿ, ಗುರುಗಳ? ನಾಳಿ ಊರಾಗೆಲ್ಲ ನಿಮ್ಮ ಕಣ್ಣು ಹೋತು ಅಂತಾರ.”

ಗುರುಗಳು ಅಲಗನ್ನು ಬಟ್ಟೆಯಿಂದ ಒರೆಸುತ್ತ ಹೊಳೆಯ ಕಡೆ ನೋಡಿದರು. ಹುಲಿಗೆವ್ವ ದಂಡೆಯಲ್ಲಿ ಹರಿಗೋಲಿಗೆ ಕಾಯುತ್ತ ನಿಂತಿದ್ದಳು.

“ಆಕಿಗೆ ನಾ ಹೇಳಿದ ಮಾತು ಇನ್ನೂ ಮೇಣ ಐತಿ, ಮಾನಪ್ಪ. ಕಂಚ ಆಗೂದರೊಳಗ ಹೋಗಿ ತಿದ್ದು.”