ಗೋಸುಂಬೆ ಎರಡೂ ಕಡೆ ನೋಡುವುದು ಯಾಕೆ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು. ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಆಗತಾನೇ ಗೊತ್ತುಮಾಡಿಕೊಂಡಿದ್ದವು. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಗಾಳಿ ಸಿಕ್ಕಿದವರನ್ನೆಲ್ಲ ಮಾತಾಡಿಸುತ್ತಿತ್ತು, ಸಿಕ್ಕಿದವರೆಲ್ಲ ನಿಂತು ಉತ್ತರ ಕೊಡುತ್ತಿದ್ದರು.

ಆಗ ಒಂದು ಬೆಟ್ಟದ ಕಾಡಿನ ನಡುವೆ ಒಂದು ಕೊಳ ಇತ್ತು. ತೆವಳುವವರು, ಹರಿಯುವವರು, ಕುಪ್ಪಳಿಸುವವರು ಎಲ್ಲರೂ ಆ ಕೊಳದ ದಂಡೆಯಲ್ಲೇ ಒಟ್ಟಿಗೆ ಬಾಳುತ್ತಿದ್ದರು. ಹಾವು, ಹಲ್ಲಿ, ಆಮೆ, ಉಡ, ಓತಿಕೇತ, ನೆಲಗಪ್ಪೆ, ಮರಗಪ್ಪೆ ಎಲ್ಲರೂ ಒಂದೇ ಮನೆಯವರು. ಕಪ್ಪೆಯ ಮೈ ಒದ್ದೆ, ಹಲ್ಲಿಯ ಮೈ ಒಣಕಲು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಕೊಳದ ಒಂದು ಬದಿಗೆ ಬಿಸಿಲು ಬೀಳುತ್ತಿತ್ತು, ಇನ್ನೊಂದು ಬದಿಗೆ ನೆರಳಿತ್ತು. ಅಷ್ಟು ಸಾಕಾಗಿತ್ತು.

ಅವರ ನಡುವೆ ಕೇತಿ ಎಂಬ ಗೋಸುಂಬೆ ಇದ್ದಳು. ನಾವೀಗ ನೋಡುವ ಗೋಸುಂಬೆಯ ಹಾಗಲ್ಲ ಅವಳು. ಅವಳ ಎರಡು ಕಣ್ಣೂ ಒಂದೇ ಕಡೆ ನೋಡುತ್ತಿದ್ದವು. ಹೊರಟಳೆಂದರೆ ಬಿಟ್ಟ ಬಾಣದ ಹಾಗೆ ಹೋಗಿ ಮುಟ್ಟುತ್ತಿದ್ದಳು, ನಡುವೆ ಎಲ್ಲೂ ತಡವರಿಸುತ್ತಿರಲಿಲ್ಲ.

ಅವಳಿಗೊಬ್ಬಳು ಗೆಳತಿ, ಬೊಮ್ಮಿ. ಹೆಬ್ಬೆರಳಷ್ಟು ದೊಡ್ಡ ಮರಗಪ್ಪೆ. ಬೊಮ್ಮಿ ಒದ್ದೆ ಪಾಚಿಯ ಮೇಲೆ ಕೂತರೆ, ಕೇತಿ ಅದರ ಮೇಲಿನ ಕಡ್ಡಿಗೆ ಬಾಲ ಸುತ್ತಿ ಬಿಸಿಲಿಗೆ ಮೈ ಕಾಯಿಸುತ್ತಿದ್ದಳು. ಕೇತಿ ನೊಣ ಹಿಡಿಯುವಾಗ ಒಮ್ಮೊಮ್ಮೆ ಬೇಕೆಂದೇ ತಪ್ಪಿಸುತ್ತಿದ್ದಳು, ಅದು ಬೊಮ್ಮಿಯ ಬಾಯಿಗೆ ಬೀಳಲಿ ಎಂದು. ಬೊಮ್ಮಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, "ನಿನಗೆ ಗುರಿ ಸಾಲದು ಕಣೇ" ಎಂದು ರೇಗಿಸುತ್ತಿದ್ದಳು.

ಹೀಗಿರುವಾಗ ಒಂದು ವರ್ಷ ಮಳೆ ಬರಲಿಲ್ಲ. ಲೋಕ ಕಂಡ ಮೊದಲ ಬೇಸಿಗೆ ಅದು. ಅದಕ್ಕೆ ಬೇಸಿಗೆ ಎನ್ನಬೇಕೆಂದೂ ಯಾರಿಗೂ ತಿಳಿದಿರಲಿಲ್ಲ. ಕೊಳ ದಿನದಿಂದ ದಿನಕ್ಕೆ ಸಣ್ಣದಾಯಿತು. ನೆರಳು ಕೊಡುತ್ತಿದ್ದ ಮರಗಳ ಎಲೆ ಉದುರಿತು. ಉಳಿದ ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಮಲಗುವ ಹಾಗಾಯಿತು.

ಎಲ್ಲರಿಗಿಂತ ಹಿರಿಯವನು ಆಮೆಯಜ್ಜ. ಅವನು ಕತ್ತು ಹೊರಗೆ ಹಾಕಿ ಹೇಳಿದ: "ಇಲ್ಲಿ ಇನ್ನು ಇರೋಕಾಗಲ್ಲ. ಎಲ್ಲರೂ ಒಟ್ಟಿಗೆ ಬೇರೆ ಕಡೆ ಹೋಗೋಣ. ಕೇತಿಯ ಕಾಲು ಚುರುಕು. ನಮ್ಮೆಲ್ಲರಿಗೂ ಆಗುವಂಥ ಒಂದು ಜಾಗ ಅವಳು ಹುಡುಕಲಿ."

ಕೇತಿಗೆ ಹೆಮ್ಮೆಯಾಯಿತು. "ಅದೇನು ಮಹಾ, ನೋಡ್ತೀನಿ ಅಜ್ಜ" ಎಂದು ಹೊರಟಳು.

ದಿಬ್ಬ ಹತ್ತುವಾಗ ಗಾಳಿ ಸಿಕ್ಕಿತು. "ಮೇಲೆ ಬಾ ಕೇತಿ. ಮೇಲೆ ಬಯಲಿನಷ್ಟು ದೊಡ್ಡ ಬಂಡೆ ಇದೆ. ದಿನವೆಲ್ಲ ಬಿಸಿಲು. ಅಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ."

ಕಣಿವೆಗೆ ಇಳಿದಾಗ ಹೊಳೆ ಕೂಗಿ ಕರೆಯಿತು. "ಗಾಳಿಯ ಮಾತು ಕೇಳಬೇಡ. ಕೆಳಗೆ ಬಾ. ನನ್ನ ದಡದಲ್ಲಿ ಬಿಸಿಲೇ ಬೀಳಲ್ಲ. ಅಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ."

ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರಲ್ಲ ಎಂದು ಕೇತಿಗೆ ಅನ್ನಿಸಿತು. ಆದರೆ ಅವಳಿಗೆ ಬಿಸಿಲೆಂದರೆ ಇಷ್ಟ. ಮತ್ತೆ ದಿಬ್ಬ ಹತ್ತಿ ಬಂಡೆಯ ಮೇಲೆ ಒಂದು ಗಳಿಗೆ ಕೂತು ನೋಡಿದಳು. ಹೊಟ್ಟೆಯವರೆಗೂ ಬೆಚ್ಚಗಾಯಿತು. "ಸಿಕ್ಕಿತು" ಎಂದು ಓಡಿಬಂದಳು.

ಎಲ್ಲರೂ ಬಂಡೆಗೆ ಹೊರಟರು. ಓತಿಕೇತಗಳು ಹೋದಕೂಡಲೇ ಮೈ ಚಾಚಿದವು. ಉಡದಣ್ಣ ಬಂಡೆಗೆ ಹೊಟ್ಟೆ ಒತ್ತಿ, "ಇದಪ್ಪಾ ಜಾಗ ಅಂದ್ರೆ" ಎಂದ. ಹಾವುಗಳು ಬಿರುಕುಗಳಲ್ಲಿ ಸುರುಳಿ ಸುತ್ತಿದವು. ಕೇತಿ ಎಲ್ಲರನ್ನೂ ನೋಡಿ ಖುಷಿಪಟ್ಟು, ಬೊಮ್ಮಿ ಎಲ್ಲಿ ಎಂದು ತಿರುಗಿದಳು.

ಬೊಮ್ಮಿ ಒಂದು ಹುಲ್ಲುಗಂಟಿನ ಬುಡದಲ್ಲಿ ಮುದುಡಿಕೊಂಡಿದ್ದಳು. ಹಸಿರಾಗಿದ್ದ ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಏನಾಯ್ತೇ?"

"ಗೊತ್ತಿಲ್ಲ ಕೇತಿ. ಮೈ ಬಿಗೀತಾ ಇದೆ. ಕಾಲು ಎತ್ತಿದರೆ ಚರ್ಮ ಕಲ್ಲಿಗೆ ಅಂಟುತ್ತೆ."

ಕೇತಿ ಸುತ್ತ ನೋಡಿದಳು. ನೆಲಗಪ್ಪೆಗಳೂ ಹಾಗೇ ಬಾಯಿ ಬಿಟ್ಟು ಬಿದ್ದಿದ್ದವು. ತನಗೆ ಹಿತವಾದ ಬಿಸಿಲು ಇವರನ್ನು ಯಾಕೆ ಹೀಗೆ ಮಾಡಿತು ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯಲೂ ಇಲ್ಲ. ಬೊಮ್ಮಿಯನ್ನು ಬೆನ್ನ ಮೇಲೆ ಹಾಕಿಕೊಂಡು, "ಕೆಳಗೆ, ಎಲ್ಲರೂ ಕೆಳಗೆ" ಎಂದು ಕೂಗುತ್ತಾ ಕಣಿವೆಗೆ ಓಡಿದಳು. ಉಳಿದ ಕಪ್ಪೆಗಳನ್ನು ಹಾವುಗಳು ಬೆನ್ನಿನ ಮೇಲೆ ಹೊತ್ತು ತಂದವು. ಆಗ ಹಾಗೆಲ್ಲ ನಡೆಯುತ್ತಿತ್ತು.

ಹೊಳೆಯ ದಡದಲ್ಲಿ ಮರಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಕಲ್ಲಿನ ಮೇಲೆಲ್ಲ ನೀರು ಜಿನುಗುತ್ತಿತ್ತು. ಕೇತಿ ಬೊಮ್ಮಿಯನ್ನು ಪಾಚಿಯ ಮೇಲೆ ಇಳಿಸಿದಳು. ಸ್ವಲ್ಪ ಹೊತ್ತಿಗೆ ಬೊಮ್ಮಿಯ ಗಂಟಲು ಅಲುಗಿತು, ಮೈಗೆ ಹಸಿರು ಬಂತು. "ನಿನ್ನ ಬೆನ್ನು ತುಂಬಾ ಒರಟು ಕಣೇ" ಎಂದಳು. ಕೇತಿಗೆ ಜೀವ ಬಂದ ಹಾಗಾಯಿತು.

ಆದರೆ ಬೆಳಗಾದಾಗ ಉಡದಣ್ಣ ಎದ್ದೇಳಲಿಲ್ಲ. "ಕೇತಮ್ಮ, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ" ಎಂದು ಮಲಗಿದಲ್ಲಿಂದಲೇ ಹೇಳಿದ. ಓತಿಕೇತಗಳು ಕಡ್ಡಿಯ ಹಾಗೆ ಸೆಟೆದುಕೊಂಡಿದ್ದವು. ಹಲ್ಲಿಯಮ್ಮ ಮಣ್ಣಲ್ಲಿ ಹೂತಿಟ್ಟ ಮೊಟ್ಟೆಗಳಿಗೆ ಬೂಷ್ಟು ಹಿಡಿದಿತ್ತು. ಅವಳು ಯಾರನ್ನೂ ಬೈಯಲಿಲ್ಲ. ಮೊಟ್ಟೆಗಳನ್ನು ಒರೆಸುತ್ತಾ ಕೂತಿದ್ದಳು. ಕೇತಿಗೆ ಅದನ್ನು ನೋಡಲಾಗಲಿಲ್ಲ. ಅವಳ ಕಾಲೂ ಚಳಿಗೆ ಮರಗಟ್ಟಿತ್ತು.

"ಮೇಲೆ ಹೋಗೋಣ" ಎಂದಳು. ಸೆಟೆದವರನ್ನು ಎಳೆದುಕೊಂಡು ಎಲ್ಲರೂ ಹೊರಟರು. ಸ್ವಲ್ಪ ಹತ್ತಿದ ಮೇಲೆ ಬೊಮ್ಮಿ ಬಂಡೆಯ ಮೇಲೆ ಬಾಡಿದ್ದು ನೆನಪಾಗಿ, "ಬೇಡ, ಕೆಳಗೇ ಇರೋಣ" ಎಂದಳು. ಎಲ್ಲರೂ ತಿರುಗಿದರು. ನಾಲ್ಕು ಹೆಜ್ಜೆ ಇಳಿದ ಮೇಲೆ ಹಲ್ಲಿಯಮ್ಮನ ಮೊಟ್ಟೆ ಕಣ್ಮುಂದೆ ಬಂತು. ಮತ್ತೆ ನಿಂತಳು.

"ನಾನು ಹೇಳಲಿಲ್ಲವಾ, ಮೇಲೆ ಬಾ ಅಂತ" ಎಂದಿತು ಗಾಳಿ.

"ನಾನು ಹೇಳಲಿಲ್ಲವಾ, ಕೆಳಗೆ ಬಾ ಅಂತ" ಎಂದಿತು ಹೊಳೆ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಕೇತಿಗೆ ತಲೆ ಕೆಟ್ಟದ್ದೇ ಅದಕ್ಕೆ. ಒಬ್ಬರು ಸುಳ್ಳು ಹೇಳಿದ್ದರೆ ಇನ್ನೊಬ್ಬರ ಮಾತು ಹಿಡಿದು ಹೋಗಬಹುದಿತ್ತು.

ದಿಬ್ಬದ ಅರ್ಧದಲ್ಲಿ ಎಲ್ಲರೂ ಸೋತು ಕೂತರು. ಒಬ್ಬರ ಕಣ್ಣು ಒಬ್ಬರ ಮೇಲೆ ಕೆಂಪಾಗತೊಡಗಿತು. "ಈ ಒದ್ದೆ ಮೈಯವರಿಂದಲೇ ಇಷ್ಟೆಲ್ಲ" ಎಂದಿತು ಒಂದು ಓತಿಕೇತ. "ಈ ಒಣ ಮೈಯವರಿಂದ" ಎಂದಿತು ಒಂದು ಕಪ್ಪೆ. ನಿನ್ನೆಯವರೆಗೆ ಅವರಿಗೆ ಒದ್ದೆ ಒಣ ಎಂಬ ಮಾತೇ ಇರಲಿಲ್ಲ.

ಆಮೆಯಜ್ಜ ಕೇಳಿದ: "ಕೇತಿ, ಒಂದು ಮಾತು ಹೇಳಿಬಿಡು. ನಾವೆಲ್ಲರೂ ಎಲ್ಲಿಗೆ ಹೋಗಬೇಕು?"

"ನನಗೆ ಗೊತ್ತಿಲ್ಲ ಅಜ್ಜ."

"ನೀನೇ ಅಲ್ಲವಾ ಎಲ್ಲಾ ಕಡೆ ಸುತ್ತಿದವಳು?"

"ಸುತ್ತಿದೆ. ಸುತ್ತಿದಷ್ಟೂ ಗೊತ್ತಾಗದ ಹಾಗೆ ಆಗ್ತಿದೆ."

ಆಗ ಕೇತಿಯ ಕಾಲ ಬಳಿ ಮಣ್ಣು ಸ್ವಲ್ಪ ಅಲುಗಿತು. ಕಾಲಿಲ್ಲದ ಕಪ್ಪೆಯೊಂದು ತಲೆ ಎತ್ತಿತು. ನೋಡಲು ಎರೆಹುಳದ ಹಾಗಿತ್ತು, ಆದರೆ ಎರೆಹುಳ ಅಲ್ಲ. ಹಾವಿನ ಹಾಗೂ ಇತ್ತು, ಹಾವೂ ಅಲ್ಲ. ಅದಕ್ಕೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಎಲ್ಲರೂ ಮೇಲೆ ಕೆಳಗೆ ಓಡಾಡುವಾಗ ಅದು ಹಿಂದೆ ಹಿಂದೆ ತೆವಳಿ ಬಂದಿತ್ತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕೇತಕ್ಕ," ಎಂದಿತು ಅದು, "ಎಲ್ಲರ ವಿಷಯ ನನಗೆ ತಿಳಿಯಲ್ಲ. ನಾನೊಬ್ಬಳು ಎಲ್ಲಿಗೆ ಹೋಗಲಿ?"

"ಅಲ್ಲಿ ಬಿದ್ದಿರೋ ಹೊನ್ನೆ ಮರದ ಅಡಿಗೆ ಹೋಗು. ಮಣ್ಣು ಮೆತ್ತಗಿದೆ, ತೇವ ಇದೆ" ಎಂದಳು ಕೇತಿ. ಹೇಳಿದ ಮೇಲೆ ತಾನೇ ಬೆರಗಾದಳು. ಆ ಮರದ ಅಡಿಯನ್ನು ತಾನು ಯಾವಾಗ ನೋಡಿದೆ? ಹತ್ತುವಾಗಲೋ ಇಳಿಯುವಾಗಲೋ ಕಣ್ಣಿಗೆ ಬಿದ್ದಿರಬೇಕು.

ಕಾಲಿಲ್ಲದ ಕಪ್ಪೆ "ಆಯ್ತಕ್ಕ" ಎಂದು ಮರದ ಅಡಿಗೆ ನುಸುಳಿತು. ಮತ್ತೆ ಹೊರಗೆ ಬರಲಿಲ್ಲ.

ಹಲ್ಲಿಯಮ್ಮ ಮುಂದೆ ಬಂದಳು. "ಹಾಗಾದರೆ ನಾನು?"

"ಬಂಡೆಯ ಕೆಳಗೊಂದು ಬಿರುಕಿದೆ ಹಲ್ಲಿಯಮ್ಮ. ಬಿಸಿಲು ಒಳಗೆ ಬರಲ್ಲ, ಬಿಸಿ ಬರುತ್ತೆ. ಮೊಟ್ಟೆಗೆ ಅದು ಸರಿ."

ಅಲ್ಲಿಂದ ಮುಂದೆ ಎಲ್ಲರೂ ಕೇಳತೊಡಗಿದರು. ಉಡದಣ್ಣ ಹುತ್ತದ ಮಗ್ಗುಲಿಗೆ ಹೋದ. ಒಂದು ಸಣ್ಣ ಕಪ್ಪೆಗೆ ಮುರಿದ ಬಿದಿರಿನ ಬೊಂಬು ಸಿಕ್ಕಿತು, ಅದರೊಳಗೆ ಹನಿ ನೀರು ಇನ್ನೂ ಉಳಿದಿತ್ತು. ಹಸಿರು ಹಾವು ಬಳ್ಳಿಯ ನಡುವೆ ಸೇರಿ ಬಳ್ಳಿಯೇ ಆಯಿತು. ಓತಿಕೇತಗಳಿಗೆ ಬಂಡೆಯ ನೆತ್ತಿ. ಕಣಿವೆಯ ಎಲೆರಾಶಿ, ಮರದ ಪೊಟರೆ, ಬೇರಿನ ಸಂದು, ಕೇತಿಗೆ ಒಂದೊಂದೂ ನೆನಪಾಗುತ್ತಾ ಹೋಯಿತು. ಎಲ್ಲರಿಗೂ ಆಗುವ ಒಂದು ಜಾಗ ಆ ಕಾಡಿನಲ್ಲಿ ಇರಲಿಲ್ಲ. ಒಬ್ಬೊಬ್ಬರಿಗೆ ಆಗುವ ಜಾಗ ಕಾಡಿನ ತುಂಬಾ ಇತ್ತು.

ಆಮೆಯಜ್ಜ ಹೋಗುವ ಮೊದಲು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇನ್ಮೇಲೆ ಈ ಕಾಡಲ್ಲಿ ಬಿದ್ದ ಮರ ಯಾರೂ ಎತ್ತಬೇಡಿ. ಕಲ್ಲು ಯಾರೂ ಮಗುಚಬೇಡಿ. ಅದರ ಅಡಿಯಲ್ಲಿ ಒಬ್ಬರ ಮನೆ ಇರುತ್ತೆ." ಗಾಳಿ ಆಗಲಿ ಎಂದಿತು. ಹೊಳೆಯೂ ಆಗಲಿ ಎಂದಿತು. ಮುಂದೆ ಮನುಷ್ಯರು ಬಂದಾಗ ಆ ಇಬ್ಬರೇ ಅವರಿಗೂ ಈ ಮಾತು ಹೇಳಿಕೊಟ್ಟರು.

ಕೊನೆಗೆ ಬೊಮ್ಮಿ ಒಬ್ಬಳು ಉಳಿದಳು.

ಅವಳು ಏನೂ ಕೇಳಲಿಲ್ಲ. ಕೇತಿಯೂ ಏನೂ ಹೇಳಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ. ಹೊಳೆಯ ಮೇಲೆ ಬಾಗಿದ ಒಂದು ಕೊಂಬೆ ಇತ್ತು, ಅಗಲವಾದ ಎಲೆ, ಕೆಳಗೆ ನೀರು. ಬೊಮ್ಮಿಗಾಗಿಯೇ ಮಾಡಿದ ಹಾಗಿತ್ತು. ಕೇತಿ ಅದನ್ನು ಎಲ್ಲಕ್ಕಿಂತ ಮೊದಲು ನೋಡಿದ್ದಳು.

"ಕೇತಿ, ನನ್ನ ಮೈ ಒಣಗ್ತಿದೆ" ಎಂದಳು ಬೊಮ್ಮಿ ಮೆಲ್ಲಗೆ.

ಕೇತಿ ಕೊಂಬೆಯ ಗುರುತು ಹೇಳಿದಳು.

"ನೀನೂ ಬರ್ತೀಯಾ?"

"ಅಲ್ಲಿ ನಾನು ಬದುಕಲ್ಲ ಕಣೇ. ಬೆಳಿಗ್ಗೆ ನೋಡಿದೆಯಲ್ಲ."

"ಮತ್ತೆ ನೀನು ಎಲ್ಲಿಗೆ ಹೋಗ್ತೀಯ?"

ಇಷ್ಟು ಹೊತ್ತು ಕೇಳಿದವರಿಗೆಲ್ಲ ಥಟ್ಟನೆ ಹೇಳಿದವಳಿಗೆ ಈಗ ಏನೂ ಹೊಳೆಯಲಿಲ್ಲ. ಬೊಮ್ಮಿ ಬಹಳ ಹೊತ್ತು ಕಾದಳು. ಕಾಯುತ್ತಾ ಕಾಯುತ್ತಾ ಅವಳ ಮೈಯ ಹಸಿರು ಮತ್ತೆ ಬಾಡತೊಡಗಿತು. "ಹೋಗು" ಎಂದಳು ಕೇತಿ. ಬೊಮ್ಮಿ ಒಂದೊಂದೇ ಕುಪ್ಪಳಿಸುತ್ತಾ ದಿಬ್ಬ ಇಳಿದಳು.

ಕೇತಿ ಅಲ್ಲೇ ಇದ್ದ ಕವಳಿ ಪೊದೆಯ ಮೇಲೆ ಹತ್ತಿ ನೋಡುತ್ತಾ ನಿಂತಳು. ಮೇಲಿನಿಂದ ಓತಿಕೇತಗಳು, "ಬಾರೇ, ಬಿಸಿಲು ಹೋಗುತ್ತೆ" ಎಂದು ಕರೆದವು. ಅವಳು ಮೇಲೆ ನೋಡಿದಳು. ಆದರೆ ಒಂದು ಕಣ್ಣು ಮಾತ್ರ ತಿರುಗಿತು. ಇನ್ನೊಂದು ಕಣ್ಣು ಬೊಮ್ಮಿಯ ಹಿಂದೆಯೇ ಇಳಿದು ಹೋಗುತ್ತಿತ್ತು, ಎಷ್ಟು ಕರೆದರೂ ಹಿಂದೆ ಬರಲಿಲ್ಲ. ಮೇಲೆ ಹೋಗೋಣವೆಂದು ಕಾಲು ಮುಂದಿಟ್ಟಳು, ಮೈ ಹಿಂದಕ್ಕೆ ಜಗ್ಗಿತು. ಕೆಳಗೆ ಹೋಗೋಣವೆಂದು ತಿರುಗಿದಳು, ಆಗಲೂ ಹಾಗೇ. ತಾನು ಯಾವ ಕಡೆಯವಳೆಂದು ಅವಳಿಗೆ ಅವತ್ತು ತಿಳಿಯಲಿಲ್ಲ. ಮರುದಿನವೂ ತಿಳಿಯಲಿಲ್ಲ. ಹಸಿವಾದಾಗ ಅಲ್ಲೇ ಒಂದು ನೊಣ ಹಿಡಿದು ತಿಂದಳು, ಬಿಸಿಲು ಬಂದಾಗ ಅಲ್ಲೇ ಮೈ ಕಾಯಿಸಿದಳು. ಹಾಗೇ ಅದು ಅವಳ ಜಾಗವಾಯಿತು.

ಆಮೇಲೆ ಮಳೆ ಬಂತು. ಕಣಿವೆಯ ತುಂಬಾ ಕಪ್ಪೆಗಳು ಕೂಗಿದವು. ಅಷ್ಟೊಂದು ದನಿಗಳಲ್ಲಿ ಬೊಮ್ಮಿಯದು ಯಾವುದೆಂದು ಕೇತಿಗೆ ಗೊತ್ತಾಗಲಿಲ್ಲ. ಆದರೂ ಮಳೆ ನಿಲ್ಲುವವರೆಗೆ ಪೊದೆ ಬಿಟ್ಟು ಕದಲದೆ ಕೇಳಿದಳು.

ಅದಕ್ಕೇ ಮಗು, ಕೊಡಲಿ ತಾಗದ ಆ ಕಾಡಿನ ದಾರಿಯಲ್ಲಿ ನೀನು ಇವತ್ತು ನೋಡುವ ಗೋಸುಂಬೆ ಕಾಲು ಮುಂದಿಟ್ಟು ಮೈ ಹಿಂದಕ್ಕೆ ತೂಗುತ್ತದೆ, ಮತ್ತೆ ಮುಂದಿಟ್ಟು ಮತ್ತೆ ತೂಗುತ್ತದೆ, ಒಂದು ಕಣ್ಣಿನಲ್ಲಿ ಬಿಸಿಲು ಬಂಡೆಯನ್ನೂ ಇನ್ನೊಂದು ಕಣ್ಣಿನಲ್ಲಿ ಹೊಳೆಯ ನೆರಳನ್ನೂ ನೋಡುತ್ತಾ.