ನೋರಾ ಅಜ್ಜಿಯ ಮನೆಯ ಕೆಂಡ

ಏನಾಗಿರಬಹುದು, ನೀವೇ ಊಹಿಸಿ. ನಸುಕಿನಲ್ಲಿ ಹಾಲು ಕುಡಿದ ಊರ ಜಮೀನ್ದಾರ ಕೂತ ಕುರ್ಚಿಯಲ್ಲೇ ಸತ್ತಿದ್ದಾನೆ. ಹಾಲಿನಲ್ಲಿ ವಿಷ. ತಂದುಕೊಟ್ಟವಳು ಅಡುಗೆಯ ಬ್ರಿಜಿಡ್. ಕರೆದ ಹಾಲು ಸ್ವಲ್ಪ ಹೊತ್ತು ಅಡುಗೆಮನೆಯ ಕಿಟಕಿಯಲ್ಲಿತ್ತಂತೆ. ಆ ಹೊತ್ತಿಗೆ ಜಮೀನು ನೋಡಿಕೊಳ್ಳುವ ಪಾರುಪತ್ಯಗಾರ ಪ್ರೆಸ್ಕಾಟ್ ಊರಲ್ಲೇ ಇರಲಿಲ್ಲವಂತೆ. ನನ್ನ ಒಲೆ ಆರಿತ್ತು, ಗುಡ್ಡದ ಮೇಲಿನ ನೋರಾ ಅಜ್ಜಿಯ ಹತ್ತಿರ ಕೆಂಡ ಕೇಳಿ ತರಲು ಹೋಗಿದ್ದೆ ಎಂದು ಪಟ್ಟಣದಿಂದ ಬಂದ ಪೊಲೀಸ್ ಸಾರ್ಜೆಂಟನಿಗೆ ಹೇಳಿಕೆ ಕೊಟ್ಟಿದ್ದ. ಅಜ್ಜಿಗೋ ಹೆತ್ತ ಮಕ್ಕಳ ಹೆಸರೂ ನೆನಪಿಲ್ಲ, ಅವಳನ್ನು ಕೇಳುವವರು ಯಾರು?

ಈಗ ಹೇಳಿ, ಕೊಂದವರು ಯಾರು? ತಾರೀಖು ಮಾತ್ರ ನನ್ನನ್ನು ಕೇಳಬೇಡಿ. ಆ ಊರಿನವರಾದರೆ ತಾರೀಖು ಕೇಳಿದ ಕೂಡಲೇ ಕೊಲೆಗಾರನ ಕೈ ಹಿಡಿದುಬಿಡುತ್ತಾರೆ.

ಊರು ಐರ್ಲೆಂಡಿನ ಬ್ಯಾಲಿಕ್ರೋನ್. ಓದಲು ಹೋದ ಎರಡು ವರ್ಷ ನನಗೆ ಊಟ ಹಾಕಿದ ಮನೆಯೊಡತಿ ಆ ಹಳ್ಳಿಯವಳು. ಜೌಗುನೆಲದ ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಅದನ್ನೇ ಒಲೆಗಿಡುತ್ತಿದ್ದಳು. ಆ ಹೊಗೆಯ ವಾಸನೆ ಐವತ್ತು ವರ್ಷವಾದರೂ ನನ್ನ ಕೋಟು ಬಿಟ್ಟಿಲ್ಲ ಎಂದು ನನ್ನ ಹೆಂಡತಿಯ ದೂರು. ಬಿಡದಿರಲಿ. ಅದನ್ನು ಮೂಗಿಗೆ ಹಿಡಿದರೆ ಈ ಕತೆ ತಾನಾಗಿ ಬರುತ್ತದೆ.

ಹೆಣ ಕಾಯುವ ದಿನ ಒಗಟು ಹಾಕುವುದು ಅಲ್ಲಿನ ಪದ್ಧತಿ. ಸತ್ತವನ ಒಬ್ಬಳೇ ಮಗಳು ಶೀಲಾ. ಹೌದ್ರೀ, ಶೀಲಾನೇ, ಅವರಲ್ಲೂ ಆ ಹೆಸರಿದೆ. ಮರುದಿನ ಮಧ್ಯಾಹ್ನ ಅವಳು ಊರಿಗೆಲ್ಲ ಡಂಗುರ ಹೊಡೆಸಿದಳು. "ನನ್ನ ತಂದೆಯ ಹೆಣದ ಮುಂದೆ ಮೂರು ಒಗಟು ಹಾಕುತ್ತೇನೆ. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಕೊಡುತ್ತೇನೆ."

ಬಾಗಿಲಲ್ಲಿ ಕೈದಿಗಾಡಿ ನಿಲ್ಲಿಸಿಕೊಂಡಿದ್ದ ಸಾರ್ಜೆಂಟ್ ನಕ್ಕ. "ಆಗಲಮ್ಮ, ಮೂರು ತಪ್ಪು ಉತ್ತರದವರೆಗೆ ಕಾಯುತ್ತೇನೆ. ಮೂರನೆಯದು ಬಿದ್ದ ತಕ್ಷಣ ಗಾಡಿ ಹೊರಡುತ್ತದೆ. ಬ್ರಿಜಿಡ್‌ಗೆ ನೇಣು ತಪ್ಪಿದ್ದಲ್ಲ."

ಬ್ರಿಜಿಡ್ ಗಾಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ, ತಾಯಿಯಿಲ್ಲದ ತನ್ನನ್ನು ಸಾಕಿದ ಆ ಹೆಂಗಸಿನ ಕೈ ಹಿಡಿದು, ಒಲೆಮಣ್ಣು ಕಡಿದು ಮಾರುವ ಲೋರ್ಕನ್ ನಿಂತಿದ್ದ.

ಶೀಲಾ ಮೊದಲನೆಯದನ್ನು ಹಾಕಿದಳು. "ರಾತ್ರಿಯೆಲ್ಲ ಬೂದಿ ಹೊದ್ದು ಮಲಗುತ್ತಾನೆ, ಬೆಳಿಗ್ಗೆ ಊದಿದರೆ ಏಳುತ್ತಾನೆ. ನೂರು ವರ್ಷ ಬದುಕಿದ್ದವನು, ನಿನ್ನೆ ನನ್ನಪ್ಪನ ಹಿಂದೆಯೇ ಸತ್ತ. ಯಾರವನು?"

ಶಾಲೆಯ ಮೇಷ್ಟ್ರು ಕನ್ನಡಕ ಏರಿಸಿ, "ಸೂರ್ಯ!" ಎಂದರು.

"ಸೂರ್ಯ ಸತ್ತರೆ ನಿಮ್ಮ ಶಾಲೆಗೆ ಯಾವತ್ತೂ ರಜೆಯೇ, ಮೇಷ್ಟ್ರೇ," ಎಂದ ಹಿಂದಿನಿಂದ ಯಾರೋ. ಸಾರ್ಜೆಂಟ್ ಒಂದು ಬೆರಳು ಮಡಿಚಿದ.

"ಈ ಮನೆಯ ಒಲೆ," ಎಂದ ಲೋರ್ಕನ್ ಮೆಲ್ಲಗೆ. "ಬೂದಿ ಸರಿಸಿ ಕೆಂಡ ಎಬ್ಬಿಸುತ್ತಿದ್ದವಳು ಬ್ರಿಜಿಡ್. ಅವಳನ್ನು ನಿನ್ನೆ ಹಿಡಿದು ಕೂಡಿಹಾಕಿದರಲ್ಲ, ಎಬ್ಬಿಸುವವರಿಲ್ಲದೆ ಆರಿಹೋಯಿತು."

ಶೀಲಾ ತಲೆಯಾಡಿಸಿದಳು. "ಎರಡನೆಯದು. ವರ್ಷವೆಲ್ಲ ಕೇಳಿದವರಿಗೆ ಕೊಡುತ್ತೇವೆ. ಒಂದು ಬೆಳಿಗ್ಗೆ ಮಾತ್ರ ಹೆತ್ತ ತಾಯಿ ಬಾಗಿಲಲ್ಲಿ ನಿಂತು ಬೇಡಿದರೂ ಕೊಡೆವು. ಏನದು?"

ಯಾರೂ ಬಾಯಿ ತೆರೆಯಲಿಲ್ಲ. ಗೊತ್ತಿಲ್ಲದೆ ಅಲ್ಲ, ಇಷ್ಟು ಸುಲಭದ ಒಗಟಿನಲ್ಲಿ ಏನೋ ಬಲೆ ಇರಬೇಕೆಂಬ ಅಂಜಿಕೆ. ಪ್ರೆಸ್ಕಾಟ್ ಮಾತ್ರ ಮುಂದೆ ಬಂದ. ಶೀಲಾಳನ್ನು ಮದುವೆಯಾಗಲು ಎರಡು ಸಲ ಕೇಳಿ, ಎರಡು ಸಲವೂ ಅವಳಪ್ಪನಿಂದ ಬೈಸಿಕೊಂಡವನು.

"ಮಾಂಸ!" ಎಂದ. "ಶುಭ ಶುಕ್ರವಾರ ನೀವ್ಯಾರೂ ಮಾಂಸ ಕೊಡುವುದಿಲ್ಲ. ಸರಿ ತಾನೇ?"

ಮಕ್ಕಳು ಕಿಸಕ್ಕೆಂದವು. ಒಬ್ಬ ಮುದುಕ, "ಹತ್ತು ವರ್ಷ ನಮ್ಮ ನೀರು ಕುಡಿದು ಇಷ್ಟೂ ಗೊತ್ತಿಲ್ಲವೇನಪ್ಪ?" ಎಂದ. ಸಾರ್ಜೆಂಟ್ ಎರಡನೇ ಬೆರಳು ಮಡಿಚಿದ. ಕುದುರೆ ಕಾಲು ಕೆರೆಯಿತು.

ಲೋರ್ಕನ್ ಬ್ರಿಜಿಡ್‌ಳ ಕೈ ಬಿಟ್ಟು ಒಳಗೆ ಬಂದ. "ಕೆಂಡ," ಎಂದ. "ಬೇಸಿಗೆಯ ಮೊದಲ ಬೆಳಿಗ್ಗೆ ಮನೆಯಿಂದ ಕೆಂಡ ಹೊರಗೆ ಹೋದರೆ ವರ್ಷದ ಸೌಭಾಗ್ಯವೆಲ್ಲ ಅದರ ಜೊತೆ ಹೋಗುತ್ತದೆ. ಆವತ್ತು ಬ್ಯಾಲಿಕ್ರೋನಿನಲ್ಲಿ ಯಾರೂ ಕೊಡುವುದಿಲ್ಲ."

"ಮೂರನೆಯದು. ಹತ್ತು ವರ್ಷ ನಮ್ಮೂರಲ್ಲಿದ್ದೂ ನಮ್ಮೂರಿಗೆ ಇನ್ನೂ ಬಂದಿಲ್ಲ. ಯಾರವನು?" ಎಂದು ಶೀಲಾ ಸಾರ್ಜೆಂಟನ ಕಡೆ ತಿರುಗಿದಳು. "ಅದಕ್ಕೆ ಮೊದಲು, ಪ್ರೆಸ್ಕಾಟ್ ಅವರು ನಿಮಗೆ ಕೊಟ್ಟ ಹೇಳಿಕೆ ಗಟ್ಟಿಯಾಗಿ ಓದಿ."

ಸಾರ್ಜೆಂಟ್ ಪುಸ್ತಕ ತೆರೆದು ಓದಿದ: "ನಿನ್ನೆ ನಸುಕಿನಲ್ಲಿ ನೋರಾಳ ಮನೆಗೆ ಹೋಗಿ ಕೆಂಡ ಕೇಳಿದೆ, ಸಂತೋಷದಿಂದ ಕೊಟ್ಟಳು..."

ಲೋರ್ಕನ್ ಮೂಲೆಯಲ್ಲಿದ್ದ ನೋರಾ ಅಜ್ಜಿಯ ಮುಂದೆ ಮಂಡಿಯೂರಿದ. "ಅಜ್ಜಿ, ನಾನ್ಯಾರು ಗೊತ್ತಾ?"

"ಯಾರೋ ಏನೋ, ಮಗ."

"ಬೇಸಿಗೆಯ ಮೊದಲ ಬೆಳಿಗ್ಗೆ ನಾನು ಬಂದು ಒಂದು ಕೆಂಡ ಕೇಳಿದರೆ ಕೊಡ್ತೀಯಾ?"

ಅಜ್ಜಿ ಊರುಗೋಲೆತ್ತಿ ಅವನ ಭುಜಕ್ಕೆ ಬಿಟ್ಟಳು ನೋಡಿ! "ನನ್ನ ಮನೆ ಹಾಳು ಮಾಡೋಕೆ ಬಂದೆಯೇನೋ, ಕಳ್ಳ! ಪಾದ್ರಿ ಕೇಳಿದರೂ ಕೊಡಲ್ಲ!"

ಲೋರ್ಕನ್ ಭುಜ ಉಜ್ಜಿಕೊಳ್ಳುತ್ತ ಎದ್ದ. "ಅಜ್ಜಿ ನನ್ನನ್ನು ಮರೆತಿದ್ದಾಳೆ, ಇದನ್ನು ಮರೆತಿಲ್ಲ. ನಿನ್ನೆ ಇವರು ಅವಳ ಬಾಗಿಲಿಗೆ ಹೋಗಿಯೇ ಇಲ್ಲ ಸಾರ್ಜೆಂಟರೇ. ಹೋಗಿದ್ದರೆ ಕೆಂಡದ ಬದಲು ಬಾಸುಂಡೆ ತರುತ್ತಿದ್ದರು. ನಮ್ಮೂರಿಗೆ ಇನ್ನೂ ಬರದವರು ಇವರೇ."

ಪ್ರೆಸ್ಕಾಟ್ ಬಾಗಿಲ ಕಡೆ ಸರಿದ. ಬಾಗಿಲ ತುಂಬ ಜನ. ಸಾರ್ಜೆಂಟ್ ಅವನ ಕೋಟಿನ ಒಳಜೇಬಿಗೆ ಕೈ ಹಾಕಿ ಇಲಿಪಾಷಾಣದ ಪೊಟ್ಟಣ ತೆಗೆದ. ಗಾಡಿಯಿಂದ ಬ್ರಿಜಿಡ್ ಇಳಿದಳು, ಪ್ರೆಸ್ಕಾಟ್ ಹತ್ತಿದ.

"ಏನು ಬೇಕು, ಕೇಳು," ಎಂದಳು ಶೀಲಾ.

"ಬ್ರಿಜಿಡ್ ಸಿಕ್ಕಳಲ್ಲ, ಸಾಕು," ಎಂದು ಲೋರ್ಕನ್ ಹೊರಟೇಹೋದ. ಸ್ವಲ್ಪ ಹೊತ್ತಿಗೆ ಮಡಕೆಯಲ್ಲಿ ಕೆಂಡ ಹಿಡಿದು ವಾಪಸು ಬಂದ. "ನಾನು ಹುಟ್ಟಿದ ದಿನ ನಮ್ಮ ಗುಡಿಸಲಿಗೆ ಕೆಂಡ ಹೋದದ್ದು ನಿಮ್ಮ ಒಲೆಯಿಂದಲೇ. ಇವತ್ತು ಕೊಡಬಹುದು, ತಗೊಳ್ಳಿ."

ಬ್ರಿಜಿಡ್ ಊದಿದಳು. ಅಪ್ಪ ಸತ್ತಾಗಲೂ ಅಳದ ಶೀಲಾ ಒಲೆ ಹೊತ್ತಿಕೊಂಡಾಗ ಅತ್ತುಬಿಟ್ಟಳು. ಪ್ರೆಸ್ಕಾಟನ ಕೆಲಸ ಲೋರ್ಕನ್‌ಗೆ ಬಂತು, ವರ್ಷ ತುಂಬಿದ ಮೇಲೆ ಶೀಲಾಳ ಕೈಯೂ ಬಂತು. ನನಗೆ ಊಟ ಹಾಕಿದಾಕೆ ಅವರ ಮೊಮ್ಮಗಳು. ಅವಳ ಒಲೆಯಲ್ಲಿದ್ದದ್ದೂ ಅದೇ ಬೆಂಕಿ.

ಇನ್ನು ತಾರೀಖು ಹೇಳಲು ಅಡ್ಡಿಯಿಲ್ಲ. ಅಲ್ಲಿ ಬೇಸಿಗೆ ಹುಟ್ಟುವುದು ಮೇ ತಿಂಗಳ ಮೊದಲ ಬೆಳಿಗ್ಗೆ. ಪ್ರೆಸ್ಕಾಟ್ ಕೆಂಡ ತಂದೆನೆಂದು ಸುಳ್ಳು ಹೇಳಿದ ದಿನ ಸಾವಿರದ ಎಂಟುನೂರ ಎಪ್ಪತ್ತಮೂರನೇ ಇಸವಿ, ಮೇ ಒಂದು, ಗುರುವಾರ.