ಅಪರಂಜಿಯ ನಾತ

"ಕೇಳ್ರಪ್ಪೋ ಕೇಳಿ! ದೊರೆ ಕೇತರಸರ ಹಲ್ಲಿನ ತೂತು ಮುಚ್ಚುವ ಲೋಹ ಮಾಡಬಲ್ಲವರೆಲ್ಲ ಅರಮನೆಗೆ ಬರತಕ್ಕದ್ದು! ಬಾಯಿಗೆ ಕೈ ಹಾಕುವ ಮುನ್ನ ಮೂರು ಒಗಟು ಬಿಡಿಸತಕ್ಕದ್ದು! ಬಿಡಿಸಿದವರಿಗೆ ಕೇಳಿದ ಉಂಬಳಿ, ತಪ್ಪಿದವರಿಗೆ ತಲೆದಂಡ!"

ಡಂಗುರ ಕೇಳಿ ಕಂಚುಗಾರ ಸಂಕ ಬಾಗಿಲು ಹಾಕಿಕೊಂಡ. ಉಂಬಳಿಯೂ ಬೇಡ, ದೊರೆಯ ಬಾಯಿಯೂ ಬೇಡ. ಆದರೆ ಅವನ ಅಕ್ಕ ಬೋರಕ್ಕನ ಬಾಯಿ ಸುಮ್ಮನಿರಬೇಕಲ್ಲ! ಅವಳ ಹುಳುಕು ದವಡೆಹಲ್ಲಿಗೆ ಸಂಕ ಚಿನ್ನ, ಬೆಳ್ಳಿ, ತಾಮ್ರ ಕರಗಿಸಿ ಬೆರೆಸಿದ ತುಣುಕು ಕೂರಿಸಿದ್ದ. ಅದಕ್ಕೆ ಮೊದಲು ಒಂದೊಂದು ಬೆರಕೆಯ ಕಾಳನ್ನೂ ತನ್ನ ಕೆನ್ನೆಯೊಳಗೇ ಇಟ್ಟುಕೊಂಡು, ಹುಣಸೆ ಚೀಪಿ, ಎಲೆ ಸುಣ್ಣ ಜಗಿದು, ಕಪ್ಪಾದದ್ದನ್ನು ಉಗಿದು, ಮತ್ತೆ ಬೇರೆ ಪಾಕ ಹಿಡಿದಿದ್ದ. ಬಾಯೆಲ್ಲ ಕಿಲುಬು ರುಚಿ. ಉಂಡ ಅನ್ನವೂ ಹಳೇ ಚೊಂಬು ನೆಕ್ಕಿದ ಹಾಗೆ ಆಗುತ್ತಿತ್ತು. ಕಡೆಗೊಂದು ಬೆರಕೆ ನಿಂತಿತು. ಬೋರಕ್ಕ ಬಾವಿಕಟ್ಟೆಯಲ್ಲಿ ಬಾಯಿ ತೆರೆದು ಎಲ್ಲರಿಗೂ ತೋರಿಸಿದಳು. ಸರಿ, ಭಟರು ಬಂದು ಸಂಕನನ್ನು ಎಳೆದುಕೊಂಡು ಹೋದರು.

ಸಭೆಯ ಹೊಸ್ತಿಲಲ್ಲೇ ಒಂದು ನಾತ ಮೂಗಿಗೆ ಬಡಿಯಿತು. ಹುಣಸೆ ಮಡಕೆಯಲ್ಲಿ ಇಲಿ ಸತ್ತು ಕೊಳೆತ ಹಾಗೆ. ಸಂಕ ಮೂಗು ಮುಚ್ಚಿಕೊಂಡ. ಸುತ್ತ ನೋಡಿದರೆ ಮಂತ್ರಿ ಮಾನ್ಯರೆಲ್ಲ ಮಲ್ಲಿಗೆ ದಂಡೆಯನ್ನು ಮೂಗಿಗೆ ಒತ್ತಿಕೊಂಡು, ಹೂವೆಂದರೆ ಪ್ರಾಣ ಅನ್ನುವವರ ಹಾಗೆ ಕಣ್ಣು ಮುಚ್ಚಿ ಕೂತಿದ್ದಾರೆ. ಥೂ, ಇವರ ಜನ್ಮಕ್ಕಿಷ್ಟು ಅಂದುಕೊಂಡ.

ದೊರೆ ಮೊದಲು ಆಸ್ಥಾನದ ಅಕ್ಕಸಾಲೆ ದೇವೋಜನನ್ನು ಕರೆದ. "ಶುದ್ಧನಾಗಿದ್ದರೆ ಸೋಲುತ್ತಾನೆ, ಬೆರಕೆಯಾದರೆ ಗೆಲ್ಲುತ್ತಾನೆ. ಯಾರವನು?"

ಮುದುಕ ದೇವೋಜ ಬೆವರಿದ. ದೊರೆಯ ಹಲ್ಲಿಗೆ ಅಪರಂಜಿ ತುಂಬಿದವನು ಅವನೇ. ದೊರೆಯ ಮೈ ಸೋಕುವ ಚಿನ್ನಕ್ಕೆ ಬೇರೆ ಲೋಹ ಬೆರೆಸಿದರೂ, ಬೆರೆಸಬೇಕೆಂದರೂ ತಲೆ ಹೋಗುತ್ತದೆಂದು ದೊರೆಯ ತಾತನ ಕಾಲದ ಕಟ್ಟಳೆ. "ಹಾಲು ಮಾರುವವನು, ಮಹಾಪ್ರಭು" ಎಂದು ತೊದಲಿದ. ಭಟರು ಅವನನ್ನು ಹಿತ್ತಿಲಿಗೆ ಕರೆದೊಯ್ದರು. ಕತ್ತಿಯ ಸದ್ದು ಒಳಗೆ ಕೇಳಿಸಿತು.

ವೈದ್ಯ ಮಾರಯ್ಯನಿಗೆ ಎರಡನೆಯದು. "ಮನೆ ಒಣಗಿದ್ದರೆ ಇಬ್ಬರೂ ಪಕ್ಕಪಕ್ಕ ನೆಮ್ಮದಿಯಾಗಿರುತ್ತಾರೆ. ಮನೆ ಒದ್ದೆಯಾದರೆ ಸಿರಿವಂತ ಬಡವನನ್ನು ಕರಗಿಸಿ ತಿನ್ನುತ್ತಾನೆ. ಯಾರವರು?"

"ಸವತಿಯರು" ಎಂದ ಮಾರಯ್ಯ, ಸಭೆ ನಗಲಿ ಎಂದು. ಯಾರೂ ನಗಲಿಲ್ಲ. ಅವನೂ ಹಿತ್ತಿಲಿಗೆ ಹೋದ.

"ಕಂಚುಗಾರ, ಬಾ."

ಸಂಕನಿಗೆ ಬದುಕಿ ಹೊರಗೆ ಹೋಗಿ ಒಂದು ಉಸಿರು ಒಳ್ಳೆಯ ಗಾಳಿ ಕುಡಿದರೆ ಸಾಕಾಗಿತ್ತು. ಆದದ್ದಾಗಲಿ ಎಂದು ಮೂಗು ಬಿಗಿಹಿಡಿದೇ ಮಾತಾಡಿದ. "ಮೊದಲನೇದು ಚಿನ್ನ, ಬುದ್ಧೀ. ಅಪರಂಜಿ ಮೆತ್ತಗೆ. ಅಗಿದರೆ ಬೆಣ್ಣೆ ಥರ ಜಜ್ಜಿಹೋಗಿ ಸಂದು ಬಿಡ್ತದೆ. ಬೆಳ್ಳಿ ತಾಮ್ರ ಬೆರೆತರೇನೇ ಗಟ್ಟಿ. ಎರಡನೇದು ಚಿನ್ನ ಮತ್ತೆ ತಾಮ್ರ. ಬೇರೆಬೇರೆಯಾಗಿ ಒಂದೇ ಬಾಯಲ್ಲಿಟ್ಟರೆ ಎಂಜಲು ತಾಗಿ ತಾಮ್ರ ಸವೀತದೆ, ನಾಲಿಗೆ ಚುರುಗುಟ್ತದೆ. ಕರಗಿಸಿ ಒಂದು ಮಾಡಿದರೆ ಜಗಳವಿಲ್ಲ."

ದೊರೆಯ ಕೈ ದವಡೆಗೆ ಹೋಯಿತು. ಅಲ್ಲಿ ಚಿನ್ನದ ಪಕ್ಕದಲ್ಲೇ, ಅದು ಕಳಚಿ ಬೀಳದಿರಲೆಂದು ಯಾರೋ ಹೊಡೆದ ತಾಮ್ರದ ಮೊಳೆಯಿತ್ತು. ಈ ಎರಡು ಒಗಟನ್ನೂ ಅವನಿಗೆ ಕಲಿಸಿದ್ದು ಅವನ ನೋವೇ. "ಎರಡೂ ಸರಿ" ಎಂದು ಸಿಂಹಾಸನ ಇಳಿದು, ಸಂಕನ ಮುಖದ ಹತ್ತಿರವೇ ಬಂದು ಬಗ್ಗಿದ. "ಮೂರನೆಯದು ನನಗೂ ತಿಳಿಯದು. ನನಗಿಂತ ಮೊದಲೇ ಸಭೆಗೆ ಬರುತ್ತದೆ, ನಾನು ಎದ್ದುಹೋದರೂ ಕೂತಿರುತ್ತದೆ. ಅದು ಬಂತೆಂದರೆ ನನ್ನ ಪುಟ್ಟ ಮಗಳೂ ಮುಖ ತಿರುಗಿಸುತ್ತಾಳೆ. ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಏನದು? ಹೇಳಿದರೆ ಸಾಲದು, ತೋರಿಸಬೇಕು."

"ಕೀರ್ತಿ ಅನ್ನೋ, ಕೀರ್ತಿ!" ಹಿಂದಿನಿಂದ ಮಂತ್ರಿ ಪಿಸುಗುಟ್ಟಿದ.

ಸಂಕ ಧೀರನೇನಲ್ಲ. ಕೀರ್ತಿ ಎಂದೇ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ದೊರೆಯ ಉಸಿರು ನುಗ್ಗಿತು. ಸಂಕ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಸಿಂಹಾಸನದ ಮೆಟ್ಟಿಲ ಮೇಲೇ ಗೊಳಕ್ಕನೆ ಕಾರಿಕೊಂಡ.

ಭಟರ ಕತ್ತಿ ಹೊರಬಂತು.

"ನಾತ, ಬುದ್ಧೀ!" ಸಂಕ ಬಾಯಿ ಒರೆಸಿಕೊಳ್ಳುತ್ತ ಅತ್ತೇಬಿಟ್ಟ. "ನಿಮ್ಮ ಬಾಯಿನ ನಾತ! ತಡಕೊಳ್ಳಕ್ಕಾಗಲ್ಲ. ಕೊಂದರೂ ಸರಿ, ಇನ್ನೊಂದು ಸಲ ನನ್ನ ಮುಖಕ್ಕೆ ಉಸಿರು ಬಿಡಬೇಡಿ!"

"ತೋರಿಸು" ಎಂದ ದೊರೆ ಮೆಲ್ಲಗೆ. ಸಂಕ ತನ್ನ ಪಂಚೆಯಂಚಿನ ನೂಲೊಂದನ್ನು ಕಿತ್ತು, ಜಜ್ಜಿದ ಚಿನ್ನದ ಸಂದಿಗೆ ತೂರಿಸಿ ಎಳೆದು, ದೊರೆಯ ಮೂಗಿನ ಕೆಳಗೇ ಹಿಡಿದ. ದೊರೆ ಮೂಸಿದ. ಮುಖ ಕಿವುಚಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಕತ್ತಿಗಳು ಒರೆಗೆ ಮರಳಿದವು.

ತಾತನ ಕಟ್ಟಳೆಯನ್ನು ದೊರೆ ಅಲ್ಲೇ ತೆಗೆದುಹಾಕಿದ. ಸಂಕ ಅಪರಂಜಿ ಕಿತ್ತ. ಅದರಡಿ ಕೊಳೆತದ್ದನ್ನು ಏನೆಂದು ಹೇಳಲಿ, ನೀವು ಉಣ್ಣಬೇಕಲ್ಲ. ಕೆರೆದು, ಉಪ್ಪುನೀರಲ್ಲಿ ತೊಳೆದು, ಬೆರಕೆಯ ತುಣುಕು ಎರಕ ಹೊಯ್ದು ಕೂರಿಸಿದ. ಕೆಲವು ದಿನಗಳಲ್ಲಿ ಮಗಳು ತಾನಾಗಿ ಅಪ್ಪನ ತೊಡೆ ಏರಿದಳು. ದೊರೆ ಅವಳ ತಲೆ ನೇವರಿಸುತ್ತ ಕಣ್ಣೊರೆಸಿಕೊಂಡು, ಸಂಕನಿಗೆ ಊರೊಂದನ್ನು ಉಂಬಳಿ ಬರೆದುಕೊಟ್ಟ. ತನ್ನ ಪಕ್ಕದಲ್ಲೇ ಪೀಠವನ್ನೂ ಹಾಕಿಸಿದ.

"ಊರು ತಗೋತೀನಿ ಬುದ್ಧೀ, ಪೀಠ ಬೇಡ" ಎಂದ ಸಂಕ.

"ಯಾಕೆ? ಈಗ ನಾತ ಇಲ್ಲವಲ್ಲ?"

ಸಂಕ ಹಿತ್ತಿಲ ಬಾಗಿಲ ಕಡೆ ನೋಡಿದ. ದೊರೆಯೇ ಕೇಳಿದ: "ದೇವೋಜ ಜೀವಮಾನವೆಲ್ಲ ಚಿನ್ನ ಕಾಸಿದವನು. ಮೊದಲ ಒಗಟು ಅವನಿಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು. ಬೆರಕೆ ಮಾಡಬೇಕು ಅಂದಿದ್ದರೆ ತಾತನವರ ಕಟ್ಟಳೇಲಿ ತಲೆ ಹೋಗ್ತಿತ್ತು. ಅನ್ನದೇ ಇದ್ದದ್ದಕ್ಕೆ ನಿಮ್ಮ ಡಂಗುರದಲ್ಲಿ ಹೋಯ್ತು."

ದೊರೆ ಹೊಸ ಹಲ್ಲಿನ ಬಾಯಿ ತೆರೆದ. ತನ್ನ ಮೂಗಿಗೇ ನಾತ ಬಡಿದ ಹಾಗಾಯಿತು. ಮಗಳನ್ನು ತೊಡೆಯಿಂದ ಮೆಲ್ಲಗೆ ಕೆಳಗಿಳಿಸಿದ.